ಅಳದೇ ಇದ್ದ ಮೂರು ದಿನ

ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಗುಂಡ,

ಹೇಗಿದ್ದೀಯಪ್ಪಾ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸುವುದನ್ನು ಕಲಿತನೇ? ಮೂವತ್ತೆರಡು ತುಂಬಿದವನನ್ನು ಇನ್ನೂ ಗುಂಡ ಎನ್ನುತ್ತೀಯಲ್ಲಮ್ಮ ಎಂದು ನೀನು ಬೈಯುವುದು ಗೊತ್ತು. ಇವತ್ತು ಒಂದು ದಿನ ಹಾಗೆಂದುಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿದ ಮೇಲೆ ನನ್ನನ್ನು ಅಮ್ಮ ಎನ್ನುವುದಕ್ಕೆ ನಿನಗೆ ಮನಸ್ಸು ಬರುತ್ತದೋ ಇಲ್ಲವೋ.

ಮೊದಲು ಇದನ್ನು ಓದಿಕೋ: ನಿನ್ನ ಮಗಳು ಬದುಕಿದ್ದಾಳೆ. ಗಾಜಿನ ಆಚೆ ಮಲಗಿದ್ದಾಳೆ, ಮೂಗಿನಲ್ಲಿ ಸಣ್ಣ ನಳಿಕೆ ಇದೆ, ಉಸಿರು ಸರಿಯಾಗಿ ಆಡುತ್ತಿದೆ. ಸೋಮವಾರ ನೀನು ಯಾವುದೋ ಬಂದರಿನಿಂದ ಫೋನು ಮಾಡಿದ್ದೆಯಲ್ಲ, 'ಅವಳು ಅಳೋದು ಒಂದ್ಸಲ ಕೇಳಿಸಮ್ಮ' ಎಂದು ಗೋಗರೆದೆ. 'ಅಳೋದೇ ಇಲ್ಲ ಕಣೋ ನಿನ್ನ ಮಗಳು, ಅಷ್ಟು ಸಾಧು' ಎಂದು ನಾನು ಜಂಬದಿಂದ ಹೇಳಿದೆ. ಆ ಮಾತನ್ನು ನುಂಗುವುದಕ್ಕೂ ಆಗುತ್ತಿಲ್ಲ, ಉಗುಳುವುದಕ್ಕೂ ಆಗುತ್ತಿಲ್ಲ.

ನಡೆದದ್ದು ಇಷ್ಟು. ಹೆರಿಗೆ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಿನ್ನ ಹೆಂಡತಿಗೆ ಹೊಲಿಗೆ ಹಾಕಿದ ಜಾಗದಲ್ಲಿ ನೋವೋ ನೋವು. ಎದ್ದರೆ ನೋವು, ಕೆಮ್ಮಿದರೆ ನೋವು, ಮಗುವನ್ನು ಮಡಿಲಿಗೆ ಹಾಕಿಕೊಂಡರೆ ತುಟಿ ಕಚ್ಚಿ ಗೋಡೆ ನೋಡುತ್ತಿದ್ದಳು. ಆಸ್ಪತ್ರೆಯವರು ಕೊಟ್ಟಿದ್ದು ಪ್ಯಾರಾಸಿಟಮಾಲ್. 'ಇದಕ್ಕೆ ಕಡಿಮೆ ಆಗದಿದ್ರೆ ಬಂದು ತೋರಿಸಿ' ಎಂದೂ ಹೇಳಿ ಕಳಿಸಿದ್ದರು. ತೋರಿಸಬಹುದಿತ್ತು. ಆದರೆ ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು ನಾನು, ಎಲ್ಲವನ್ನೂ ನಾನೇ ರಿಪೇರಿ ಮಾಡಬಲ್ಲೆ ಎಂಬ ಹಮ್ಮು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ, ಹಾಗಾಯಿತು. ಹೋದ ವರ್ಷ ನನ್ನ ಮಂಡಿಯ ಆಪರೇಷನ್‌ಗೆ ಕೊಟ್ಟಿದ್ದ ಮಾತ್ರೆಗಳು ಬೀರುವಿನಲ್ಲಿ ಮಿಕ್ಕಿದ್ದವು, ಕೋಡೀನ್ ಸೇರಿದ ಜೋರಿನ ಮಾತ್ರೆ. ನನಗೆ ಒಂದು ನುಂಗಿದರೆ ಅರ್ಧ ಗಂಟೆಯಲ್ಲಿ ನೋವು ಮಾಯವಾಗುತ್ತಿತ್ತು. ಶುಕ್ರವಾರ ಸಂಜೆ ಅವಳಿಗೆ ಅದನ್ನೇ ಕೊಟ್ಟೆ. ಯಾವ ಮಾತ್ರೆ ಎಂದು ಅವಳು ಕೇಳಲಿಲ್ಲ. ಹೊತ್ತುಹೊತ್ತಿಗೆ ಅಂಗೈಯಲ್ಲಿಟ್ಟು ಕೊಡುತ್ತಿದ್ದವಳು ನಾನೇ ಅಲ್ಲವೇ, ಎಲ್ಲ ಆಸ್ಪತ್ರೆಯದೇ ಎಂದುಕೊಂಡು ನುಂಗಿದಳು. 'ಹಾಯಾಯ್ತು ಅತ್ತೆ' ಎಂದಳು. ಆ ಒಂದು ಮಾತಿಗೆ ಹಿಗ್ಗಿ ಶನಿವಾರದಿಂದ ಎರಡೆರಡು ಕೊಟ್ಟೆ.

ಶನಿವಾರದಿಂದಲೇ ಮಗು ಅಳುವುದು ಕಡಿಮೆಯಾಯಿತು. ನೋಡಲು ಬಂದವರೆಲ್ಲ 'ಎಂಥ ಪುಣ್ಯವಂತರು ನೀವು, ಮನೇಲಿ ಮಗು ಇದೆ ಅಂತಾನೇ ಗೊತ್ತಾಗಲ್ಲ' ಎಂದರು. ಭಾನುವಾರ ಸೊಸೆ, 'ಅತ್ತೆ, ಎಬ್ಬಿಸಿದ್ರೂ ಏಳ್ತಿಲ್ಲ, ಎರಡು ಸಲ ಚೀಪಿ ಬಿಟ್ಬಿಡ್ತಾಳೆ, ಹಾಲು ಕಟ್ಟಿ ಎದೆ ಕಲ್ಲಾಗಿದೆ ನಂಗೆ' ಎಂದಳು. ಮಲಗಿದ ಮಗುವನ್ನು ಎಬ್ಬಿಸಬಾರದು ಎಂದು ಗದರಿದೆ. ತನಗೂ ತಲೆ ತಿರುಗುತ್ತಿದೆ, ಕೂತಲ್ಲೇ ತೂಕಡಿಕೆ ಬರುತ್ತಿದೆ ಎಂದಳು. ಬಾಣಂತಿಗೆ ನಿದ್ದೆ ಬಂದರೆ ಒಳ್ಳೆಯದೇ ಎಂದೆ. ಅವಳು ಮೂರು ಸಲ ಬಾಗಿಲು ತಟ್ಟಿದಳು ಗುಂಡ, ಮೂರು ಸಲವೂ ನಾನು ಕಿವುಡಿಯಾದೆ.

ಮಂಗಳವಾರ ಬೆಳಿಗ್ಗೆ ಬಟ್ಟೆ ಬದಲಿಸೋಣವೆಂದು ಎತ್ತಿಕೊಂಡರೆ ಮಗು ಒದ್ದೆ ಬಟ್ಟೆಯ ಹಾಗೆ ಕೈಯಿಂದ ಜೋತುಬಿತ್ತು. ತುಟಿ ನೀಲಿ. ಒಂದು ಉಸಿರು ಬಂದರೆ ಇನ್ನೊಂದು ಯಾವಾಗ ಬರುತ್ತದೋ ಎಂದು ಕಾಯಬೇಕು. ಎದುರುಮನೆಯ ಟ್ಯಾಕ್ಸಿಯವನು ಹಲ್ಲುಜ್ಜುತ್ತಿದ್ದವನು ಹಾಗೇ ಓಡಿಬಂದ. ದಾರಿಯುದ್ದಕ್ಕೂ ನಿನ್ನ ಹೆಂಡತಿ ಮಗುವಿನ ಅಂಗಾಲು ತಿಕ್ಕುತ್ತ 'ಉಸಿರಾಡು ಕಂದಾ, ಉಸಿರಾಡು' ಎನ್ನುತ್ತಿದ್ದಳು. ತನ್ನ ಹೊಲಿಗೆಯಿಂದ ರಕ್ತ ಒಸರುತ್ತಿದ್ದುದು ಅವಳಿಗೆ ತಿಳಿಯಲೇ ಇಲ್ಲ.

ಇಲ್ಲಿಯ ಡಾಕ್ಟರಮ್ಮ ಮಗುವಿನ ರೆಪ್ಪೆ ಸರಿಸಿ ನೋಡಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿದೆ ಎಂದರು. 'ತಾಯಿ ಏನು ಮಾತ್ರೆ ತಗೊಳ್ತಿದ್ದಾರೆ?' ಎಂದು ಕೇಳಿದರು. ಸೊಸೆ, 'ಆಸ್ಪತ್ರೆಯವ್ರು ಕೊಟ್ಟಿದ್ದೇ, ಅತ್ತೆ ಕೊಡ್ತಿದ್ದಾರೆ' ಎಂದು ನನ್ನ ಕಡೆ ನೋಡಿದಳು. ಚೀಟಿ ತೋರಿಸಿದೆ. 'ಇದರಿಂದ ಹೀಗಾಗಲ್ಲ. ಬೇರೆ ಏನಾದ್ರೂ? ಯೋಚನೆ ಮಾಡಿ ಹೇಳಿ.' ನನಗೆ ಆಗಲೇ ಗೊತ್ತಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಅವಳ ಎದುರಿಗೆ, ಅಷ್ಟು ಜನರ ಎದುರಿಗೆ, ನಾನು ಬಾಯಿ ಬಿಡಲಿಲ್ಲ. ಎಷ್ಟು ಹೊತ್ತೋ, ಎರಡು ನಿಮಿಷವೋ ಮೂರೋ. ಅಷ್ಟರಲ್ಲಿ ನರ್ಸು 'ಡಾಕ್ಟರ್, ಉಸಿರು ನಿಂತಿದೆ' ಎಂದು ಕೂಗಿದಳು. ಉಸಿರು ತುಂಬಲು ಮುಖಕ್ಕೆ ರಬ್ಬರಿನ ಚೀಲವಿಟ್ಟು ಒತ್ತತೊಡಗಿದರು. ಸೊಸೆಯನ್ನು ಹೊರಗೆ ಕಳಿಸಿದರು. ಆಗ ಡಾಕ್ಟರಮ್ಮನ ತೋಳು ಹಿಡಿದು, 'ಕೋಡೀನ್, ನಾನು ಕೊಟ್ಟೆ, ನಾನೇ ಕೊಟ್ಟೆ' ಎಂದೆ.

ಅವರು ಬೈಯಲಿಲ್ಲ. 'ಎಷ್ಟು? ಕಡೇದು ಯಾವಾಗ?' ಎಂದಷ್ಟೇ ಕೇಳಿ ಮಗುವಿಗೆ ಅದರ ಅಮಲಿಳಿಸುವ ಒಂದು ಇಂಜೆಕ್ಷನ್ ಕೊಟ್ಟರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಮಗು ಮುಖ ಕಿವಿಚಿತು, ಕಾಲು ಎಳೆದುಕೊಂಡಿತು, ಆಮೇಲೆ ಕಿರುಚಿತು ನೋಡು! ಬಾಗಿಲಾಚೆ ನಿನ್ನ ಹೆಂಡತಿ ನೆಲದ ಮೇಲೆ ಕುಸಿದು ಅತ್ತಳು. ಕೋಡೀನಿನ ಅಮಲು ಮತ್ತೆ ತಲೆ ಎತ್ತಬಹುದೆಂದು ಅವತ್ತು ಆ ಇಂಜೆಕ್ಷನ್ ಇನ್ನೂ ಎರಡು ಸಲ ಕೊಟ್ಟರು.

ಡಾಕ್ಟರಮ್ಮ ಆಮೇಲೆ ಬಿಡಿಸಿ ಹೇಳಿದರು. ಕೋಡೀನ್ ಮೈಯೊಳಗೆ ಹೋಗಿ ಮಾರ್ಫಿನ್ ಆಗುತ್ತದಂತೆ. ಕೆಲವರ ಮೈ ಅದನ್ನು ಬಹಳ ಬೇಗ, ಬಹಳ ಹೆಚ್ಚಾಗಿ ಮಾಡುತ್ತದಂತೆ, ಯಾರದು ಹಾಗೆ ಎಂದು ಮುಖ ನೋಡಿ ಹೇಳಲಾಗದು. ಅದು ಹಾಲಿಗಿಳಿದರೆ ಎಳೆಗೂಸು ತಡೆಯದು. ತಾಯಿಗೆ ಮಂಪರು, ಮಗುವಿಗೆ ವಿಪರೀತ ನಿದ್ದೆ, ಹಾಲು ಬೇಡವಾಗುವುದು, ಇವೇ ಮುನ್ಸೂಚನೆ. ಎಲ್ಲವನ್ನೂ ಅವಳು ನನಗೆ ಹೇಳಿದ್ದಳಲ್ಲ!

ಈಗ ಕೇಳು ನನ್ನ ಪಾಡು. ನಿನ್ನ ಹೆಂಡತಿಗೆ ನೋವಿನ ಮಾತ್ರೆ ಹಾಲಿಗೆ ಇಳಿಯಿತು ಎಂದಷ್ಟೇ ಗೊತ್ತು. ಎಲ್ಲಿಯ ಮಾತ್ರೆ ಎಂದು ಗೊತ್ತಿಲ್ಲ. 'ನನ್ನ ಹಾಲೇ ನನ್ನ ಮಗೂಗೆ ವಿಷ ಆಯ್ತು ಅತ್ತೆ' ಎನ್ನುತ್ತಾಳೆ, ನನ್ನ ಹೆಗಲ ಮೇಲೆಯೇ ತಲೆಯಿಟ್ಟು. ಎರಡು ದಿನದಿಂದ ಪ್ಯಾರಾಸಿಟಮಾಲನ್ನೂ ಮುಟ್ಟಿಲ್ಲ. ಅದರಿಂದ ಮಗುವಿಗೆ ಏನೂ ಆಗುವುದಿಲ್ಲವೆಂದು ನರ್ಸು ಎಷ್ಟು ಹೇಳಿದರೂ ತಲೆಯಾಡಿಸುತ್ತಾಳೆ. ಹಾಲು ಹಿಂಡಿ ಚೆಲ್ಲುತ್ತಾಳೆ, ಹಿಂಡುವಾಗ ಅಳುತ್ತಾಳೆ. ನಾಳೆಯಿಂದ ಮತ್ತೆ ಎದೆಹಾಲು ಕುಡಿಸಬಹುದು ಎಂದರೆ 'ಈ ಜನ್ಮದಲ್ಲಿ ಇಲ್ಲ' ಎನ್ನುತ್ತಾಳೆ. ಡಾಕ್ಟರಮ್ಮ ಇವತ್ತು ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು, 'ಸಂಜೆಯೊಳಗೆ ನೀವೇ ಹೇಳಿ. ಇಲ್ಲಾಂದ್ರೆ ನಾನು ಹೇಳ್ಬೇಕಾಗುತ್ತೆ' ಎಂದರು. ನಾಲ್ಕು ಸಲ ಅವಳ ಹತ್ತಿರ ಹೋದೆ. ನಾಲ್ಕು ಸಲವೂ 'ಕಾಫಿ ಬೇಕಾ' ಎಂದು ಕೇಳಿ ವಾಪಸು ಬಂದೆ. ಐದನೆಯ ಸಲ ಹೋಗುವ ಬದಲು ನಿನಗೆ ಬರೆಯಲು ಕೂತಿದ್ದೇನೆ, ಹೇಡಿ ನಾನು. ತಾಯಿಯಿಲ್ಲದ ಹುಡುಗಿ. ನನ್ನನ್ನು ಬಿಟ್ಟರೆ ಅವಳಿಗೆ ಇಲ್ಲಿ ಯಾರಿದ್ದಾರೆ?

ಹಡಗು ಕಂಪನಿಯ ಆಫೀಸಿನವರು ಐದು ಗಂಟೆಗೆ ಹಡಗಿಗೆ ಹೋಗುವ ಕಾಗದಗಳ ಚೀಲ ಕಟ್ಟುತ್ತಾರಂತೆ. ಮೈ ನೋಡಿಕೋ, ಹೊಟ್ಟೆ ತುಂಬ ಉಣ್ಣು. ನನ್ನ ಆಶೀರ್ವಾದಕ್ಕೆ ಈಗ ಎಷ್ಟು ಬೆಲೆಯೋ ತಿಳಿಯದು, ಆದರೂ ನೂರು ಕಾಲ ಬಾಳು.

ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಹೇಳಿಬಿಟ್ಟೆ. ಬಾಯಿ ಮುಚ್ಚಿಕೊಂಡು ನಿಂತಿದ್ದ ಆ ನಿಮಿಷಗಳನ್ನೂ ಬಿಡದೆ ಹೇಳಿದೆ. ಅವಳು ನನ್ನಿಂದ ದೂರ ಸರಿದು ಕೂತಳು. ಆಮೇಲೆ 'ಹಾಗಾದ್ರೆ ನನ್ನ ಹಾಲಿಗೇನೂ ಆಗಿಲ್ಲ' ಎಂದಳು. ನರ್ಸನ್ನು ಕರೆದು ಪ್ಯಾರಾಸಿಟಮಾಲ್ ಕೇಳಿ, ಹೆಸರನ್ನು ತಾನೇ ಓದಿ ನೋಡಿ ನುಂಗಿದಳು. ಫೋನು ಸಿಕ್ಕಿದ ಕೂಡಲೇ ಮೊದಲು ಅವಳ ಹತ್ತಿರ ಮಾತಾಡು ಮಗನೇ, ನನ್ನ ಪರ ವಹಿಸಬೇಡ, ಅಮ್ಮ ಬೇಕಂತ ಮಾಡಿದ್ದಲ್ಲ ಎಂದು ಮಾತ್ರ ಅನ್ನಬೇಡ. ನಾನು ಎದ್ದು ಬರುವಾಗ, 'ಇವತ್ತು ನೀವು ಮಗೂನ ಮುಟ್ಬೇಡಿ' ಎಂದಳು. ಇವತ್ತು ಎಂದಳು ಗುಂಡ. ಆ ಒಂದು ಮಾತು ಹಿಡಿದುಕೊಂಡು ಬಾಗಿಲಾಚೆಯ ಬೆಂಚಿನಲ್ಲಿ ಕೂತಿದ್ದೇನೆ.