ವಿಮಾನದ ಬಯಲು, ಮಾನವ್ವನ ಹೋಳಿಗೆ

ಗಜೇಂದ್ರಗಡ
ಮಾಘ ಶುದ್ಧ ದಶಮಿ, 1958

ಗೆಳೆಯಾ ಯಮನೂರಿ,

ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ಸಾಲಿಯಲ್ಲಿ ಹುಡುಗರಿಗೆ ನಾನೇ ಹಾಗೆ ಕಲಿಸುತ್ತೇನೆ. ಇವತ್ತು ಆ ಸಾಲು ನನ್ನ ಕೈಯಿಂದ ಬರುತ್ತಿಲ್ಲ. ನಿನ್ನ ಕಾರ್ಡು ಬಂದು ತಿಂಗಳಾಯಿತು. ‘ಅವ್ವ ದಿನಾ ಕೇಳತಾಳ, ಮಾಸ್ತರದು ಏನರ ಬಂತೇನಪಾ ಅಂತ. ಹಾಸು ಚಾಚಾಕ ಜಾಗಾ ಸಿಗತೈತೋ ಇಲ್ಲೋ, ಒಂದ ಮಾತ ಬರಿ’ ಎಂದು ಬರೆದಿದ್ದೀ. ಆ ಒಂದು ಮಾತು ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು. ಊರಿಗೆಲ್ಲ ಅರ್ಜಿ ಬರೆದುಕೊಡುವ ಪ್ರಾಣೇಶ ಮಾಸ್ತರನ ಹಣೆಬರಹ ನೋಡು.

ನೀನು ಹೆಂಡತಿ, ಮಗಳು, ತಾಯಿ ಮಾನವ್ವನನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋಗಿ ಎರಡು ವರ್ಷ ದಾಟಿತು. ಗಿರಣಿಯವರು ಖಾಯಂ ಮಾಡಿಕೊಳ್ಳುತ್ತೇವೆ ಎಂದರೂ ಒಲ್ಲೆ ಎಂದು ಬದಲಿ ಕೆಲಸದಲ್ಲೇ ಇದ್ದೀಯಂತೆ. ಮಗಳನ್ನು ಅಲ್ಲಿಯ ಸಾಲಿಗೆ ಹಚ್ಚಿಲ್ಲ, ಇವತ್ತಲ್ಲ ನಾಳೆ ಊರಿಗೆ ಹೋಗುವವರು ಎಂದು. ನಿನ್ನ ಮಗ್ಗ ನಮ್ಮ ಹಿತ್ತಲ ಕೋಣೆಯಲ್ಲಿ ಬಿಚ್ಚಿಟ್ಟ ಹಾಗೇ ಇದೆ. ನೇಯುವ ಮೊದಲು ಹಾಸಿನ ಉದ್ದ ನೂಲು ಬಿಗಿಯುವ ಎರಡು ಗೂಟಗಳೂ ಅಲ್ಲೇ ಗೋಡೆಗೆ ಒರಗಿವೆ. ಇದೆಲ್ಲ ನಾನು ಆಡಿದ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತು ಹ್ಯಾಗೆ ಹುಟ್ಟಿತು ಅಂತ ಹೇಳಬೇಕಾದರೆ ಮೊದಲಿಂದ ಹೇಳಬೇಕು. ಬೇಸರ ಮಾಡಿಕೊಳ್ಳಬೇಡ.

ನೀವು ಹಾಸು ಚಾಚುತ್ತಿದ್ದ ಆ ಬಯಲಿನ ಚರಿತ್ರೆಯನ್ನು ನಾನು ಪ್ರತಿ ಅರ್ಜಿಯಲ್ಲೂ ಬರೆದೆ, ಯಾರೂ ಓದಲಿಲ್ಲ. ನಿನಗಾದರೂ ಇನ್ನೊಮ್ಮೆ ಬರೆಯುತ್ತೇನೆ. ಲಡಾಯಿ ನಡೆದಾಗ, ಕೆಟ್ಟ ವಿಮಾನ ಇಳಿಯಲಿಕ್ಕೆ ಇರಲಿ ಎಂದು ಲಕ್ಕಲಕಟ್ಟಿ ಹಾದಿಯ, ದನ ಮೇಯುವ ಗಾಯರಾಣದಲ್ಲಿ ಸಪಾಟು ಪಟ್ಟಿ ಮಾಡಿದರು. ಊರ ಹೆಂಗಸರು ಬುಟ್ಟಿಯಲ್ಲಿ ಗರಸು ಹೊತ್ತರು. ನಿಮ್ಮವ್ವ ದಮ್ಮಸು ಬಡಿದಳು. ‘ಈ ನೆಲಾ ನಾ ಬಡದ ಗಟ್ಟಿ ಮಾಡೀನಿ, ನನ್ನ ರಟ್ಟಿಗೆ ಗೊತ್ತೈತಿ’ ಎಂದು ಆಕೆ ಹೇಳುವುದನ್ನು ಕೇಳಿ ಕೇಳಿ ನಾವಿಬ್ಬರೂ ಎಷ್ಟು ನಗುತ್ತಿದ್ದೆವು! ಲಡಾಯಿ ಮುಗಿಯಿತು. ಒಂದು ವಿಮಾನವೂ ಇಳಿಯಲಿಲ್ಲ. ಇಂಗ್ಲಿಷರು ಹೋದರು, ಬಯಲು ಉಳಿಯಿತು.

ಇತ್ತ ನಿಮ್ಮ ಓಣಿಯಲ್ಲಿ ಮಗ್ಗ ನಲವತ್ತು, ಹಾಸು ಚಾಚಲು ಇದ್ದದ್ದು ಒಂದೇ ಬೀದಿ. ನೂಲನ್ನು ಬೀದಿಯುದ್ದಕ್ಕೆ ಬಿಗಿದು ಗಂಜಿ ತೀಡುತ್ತಿರುವಾಗಲೇ ಯಾರದೋ ಚಕ್ಕಡಿ ಬರುತ್ತಿತ್ತು. ಇಲ್ಲವೇ ಯಾರದೋ ಎಮ್ಮೆ ಬಂದು ಗಂಜಿ ನೆಕ್ಕುತ್ತಿತ್ತು. ಎಳೆ ಹರಿಯುತ್ತಿದ್ದವು, ಕೈ ಕೈ ಮಿಲಾಯಿಸುವ ತನಕ ಜಗಳ. ಆಗ ಎರಡು ಗೂಟ ಹೆಗಲಿಗೇರಿಸಿಕೊಂಡು ಆ ಬಯಲಿಗೆ ಮೊದಲು ನಡೆದವಳು ಮಾನವ್ವನೇ. ಆಮೇಲೆ ಎಂಟು ವರ್ಷ, ದಿನಾ ಬೆಳಗಿನಲ್ಲಿ, ಗಾಳಿ ಏಳುವುದರೊಳಗೆ ಇಡೀ ಓಣಿ ಅಲ್ಲಿರುತ್ತಿತ್ತು. ಕೆಂಪು, ಹಸಿರು, ಅರಿಶಿನ ಬಣ್ಣದ ಉದ್ದುದ್ದ ನೂಲು, ಅದರ ಎರಡೂ ಮಗ್ಗುಲಿಗೆ ಕುಂಚ ಹಿಡಿದು ನಡೆಯುವ ಗಂಡಸರು ಹೆಂಗಸರು. ಸಾಲಿಗೆ ಹೋಗುವ ಮೊದಲು ಸುಮ್ಮನೇ ನೋಡಲು ಬರುತ್ತಿದ್ದೆ ನಾನು. ‘ಏ ಪ್ರಾಣ್ಯಾ, ಬರೇ ಕಣ್ಣಿಲೆ ಕುಂಚಾ ಎಳೀಬ್ಯಾಡ, ಬಾ, ಹಿಡಿ’ ಎಂದು ನೀನು ಚಾಷ್ಟಿ ಮಾಡುತ್ತಿದ್ದೆ.

ಐವತ್ನಾಲ್ಕರಲ್ಲಿ ಸುದ್ದಿ ಬಂತು. ಬಯಲಿನ ಸುಧಾರಣೆ ಆಗುತ್ತದೆ, ಡಾಂಬರು ಬೀಳುತ್ತದೆ, ಪ್ಯಾಸೆಂಜರರು ಕೂಡಲು ಕೋಣೆ, ನೀರಿನ ಟಾಕಿ, ಸುತ್ತಲೂ ತಂತಿ ಬೇಲಿ. ಪೇಟೆಯಂತೂ ಹುಚ್ಚೆದ್ದು ಕುಣಿಯಿತು. ಅರಳೆ ವ್ಯಾಪಾರಿ ಶಿವನಪ್ಪ ಗಾದಿಯ ಮೇಲೆ ಕೂತು ಬಂದವರಿಗೆಲ್ಲ ‘ಮುಂಜಾನಿ ಇಲ್ಲೆ ಚಹಾ, ಮಧ್ಯಾಹ್ನ ಮುಂಬೈದಾಗ ಊಟಾ! ಗದಗಿನವ್ರು ಹೊಟ್ಟಿ ಉರಕೊಂಡ ಸಾಯಬೇಕ ನೋಡ್ರಿ’ ಎನ್ನುತ್ತಿದ್ದ. ಪಕ್ಕದ ಸೂಡಿ ಊರಿನ ಒಬ್ಬ ಹಿರಿಯ, ವಿಮಾನದ ಗಾಳಿಗೆ ಜೋಳ ಮಲಗುತ್ತದೋ ಏನೋ ಎಂದು ನನ್ನನ್ನು ಕೇಳಲು ಬಂದಿದ್ದ. ನಿಮ್ಮ ಓಣಿಯವರು ವಿಮಾನ ಬೇಡ ಅನ್ನಲಿಲ್ಲ. ಬೇಲಿಗೆ ಒಂದು ಬಾಗಿಲು ಇಡಲಿ, ಬೆಳಗಿನ ಎರಡು ತಾಸು ತೆರೆಯಲಿ, ಅಷ್ಟೇ ಬೇಡಿದರು. ಜನರ ಅಭಿಪ್ರಾಯ ಕೇಳಲು ಪುಣೆಯ ಕಡೆಯಿಂದ ಸಾಹೇಬ ಬರುತ್ತಾನೆ ಎಂದು ಡಂಗುರ ಹೊಡೆದರು. ಅವನ ಮುಂದೆ ಮಾನವ್ವ ಮಾತಾಡಬೇಕು, ನಾನು ಅರ್ಜಿ ಓದಬೇಕು ಎಂದು ಗೊತ್ತಾಯಿತು. ಸಾಹೇಬ ಬಂದ ದಿನವೇ ನೀನು ಸೀರೆಗಂಟು ಹೊತ್ತು ನರಗುಂದದ ಸಂತೆಗೆ ಹೋಗಿದ್ದೆ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ, ಯಮನೂರಿ. ಮಾನವ್ವ ಹೇಳಿಲ್ಲ, ನಾನೂ ಹೇಳಿಲ್ಲ.

ನನಗೊಂದು ಶಾಣ್ಯಾತನ ಹೊಳೆಯಿತು. ಸಾಹೇಬನಿಗೆ ಮೊದಲು ನಿಮ್ಮ ಓಣಿಯಲ್ಲೇ ಊಟ ಹಾಕೋಣ, ಹೊಟ್ಟೆ ತಣ್ಣಗಾದ ಮನುಷ್ಯನ ಮನಸ್ಸೂ ತಣ್ಣಗಿರುತ್ತದೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾನೆ ಎಂದು ಹಿರಿಯರ ಮುಂದೆ ಹೇಳಿದೆ. ಎಲ್ಲರೂ ಗೋಣು ಹಾಕಿದರು. ನಿಮ್ಮವ್ವ ಒಬ್ಬಳೇ ಒಪ್ಪಲಿಲ್ಲ. ‘ಮಾಸ್ತರ್ರ, ಮದಲ ಮಾತ ಆಗಲಿ, ಆಮ್ಯಾಲೆ ಊಟಾ. ನಮ್ಮ ಕೈಯಾಗ ಉಂಡವಂಗ ಆವತ್ತ ಬ್ಯಾಡ ಅನ್ನಾಕ ನನ್ನ ನಾಲಿಗಿ ಏಳಂಗಿಲ್ರಿ’ ಎಂದಳು. ನಾನು ನಕ್ಕುಬಿಟ್ಟೆ. ‘ಅವೆಲ್ಲಾ ಹಳೇ ಕಾಲದ ಮಾತು, ಮಾನವ್ವಾ. ನೀ ಹೋಳಿಗಿ ಚಲೋ ಮಾಡ್ತಿ, ಅದನ್ನ ಮಾಡು’ ಎಂದೆ. ಆ ಮಾತು ನೆನಪಾದಾಗೊಮ್ಮೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆಕೆ ಮಾಡಿದಳು. ಸಾಹೇಬ ಚಕ್ಕಳ ಬಕ್ಕಳ ಹಾಕಿ ಕೂತು ನಾಲ್ಕು ಹೋಳಿಗೆ ಉಂಡ. ತುಪ್ಪ ಬಡಿಸಿದವಳು ಮಾನವ್ವ. ‘ನಮ್ಮ ತಾಯೀನೂ ಹಿಂಗ ಮಾಡತಿದ್ದಳು’ ಎಂದು ತನ್ನ ಹರಕುಮುರುಕು ಕನ್ನಡದಲ್ಲಿ ಹೇಳಿದ. ಕೆಟ್ಟವನಲ್ಲ ಅವನು, ಅದೇ ತೊಡಕಾಯಿತು. ಕೈ ತೊಳೆದ, ಎಲೆ ಅಡಿಕೆ ಹಾಕಿಕೊಂಡ, ವಹಿ ತೆರೆದು ‘ಯಾರದರ ತಕರಾರು ಅದ ಏನ್ರಿ?’ ಎಂದು ಕೇಳಿದ. ಮಾನವ್ವ ಎದ್ದು ನಿಂತಳು. ಬಾಯಿ ತೆರೆದಳು. ಅವನ ಎಂಜಲು ಎಲೆ ಇನ್ನೂ ಅಲ್ಲೇ ಇತ್ತು, ಅದನ್ನೊಮ್ಮೆ ನೋಡಿದಳು. ಸೆರಗು ಎಳೆದುಕೊಂಡು ಕೈ ಮುಗಿದಳು, ಕೂತುಬಿಟ್ಟಳು. ಆಕೆ ಕೂತದ್ದನ್ನು ನೋಡಿ ಓಣಿಗೆ ಓಣಿಯೇ ತಲೆ ತಗ್ಗಿಸಿತು. ನಾಳೆ ಹೇಳಿದರಾಯಿತು, ಮನೆಗೆ ಬಂದ ಅತಿಥಿಗೆ ಇವತ್ತೇ ಹೇಗೆ ಎಂದು ಹಿರಿಯರು ತಮ್ಮತಮ್ಮಲ್ಲೇ ಗುಸುಗುಸು ಮಾಡಿದರು.

ನಾನು? ನಾನು ಓದಬಹುದಾಗಿತ್ತು. ಅರ್ಜಿ ಅಂಗಿಯ ಕಿಸೆಯಲ್ಲೇ ಇತ್ತು. ಆದರೆ ಊಟದ ಮುಂಚೆ ಸಾಹೇಬ ನನ್ನ ಇಂಗ್ಲಿಷು ಕೇಳಿ ಶಾಭಾಸ ಎಂದಿದ್ದ. ಅವನ ಮಗ್ಗುಲಿಗೆ ನನಗೆ ಮಣೆ ಹಾಕಿದ್ದರು. ಅವನ ಪಂಕ್ತಿಯಲ್ಲೇ ನಾನೂ ಹೋಳಿಗೆ ಉಂಡಿದ್ದೆ. ನನ್ನ ಬಾಯಿಯೂ ಕಟ್ಟಿತು. ಸಾಹೇಬ ಎಲ್ಲರ ಮುಖ ನೋಡಿದ, ನಕ್ಕ, ಬರೆದುಕೊಂಡ, ಹೋದ. ಮರುದಿನ ನಾನು ಬಸ್ಸು ಹತ್ತಿ ರೋಣದ ಕಚೇರಿಗೆ ಅರ್ಜಿ ಒಯ್ದೆ. ವರದಿ ಆಗಲೇ ಮುಂದೆ ಹೋಗಿತ್ತು.

ಸಾಹೇಬ ಬಂದುಹೋದ ದಿನ ಸಂಜೆ ನೀನು ನರಗುಂದದಿಂದ ಬಂದು ಅಂಗಳದಲ್ಲಿ ನಿಂತು ಅವ್ವನನ್ನು ಬಯ್ದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ಮಾತಾಡ್ತೇನಂದಿ, ಬಾಯಾಗ ಏನ ಇಟಗೊಂಡ ಕುಂತಿದ್ದಿ?’ ಎಂದೆ ನೀನು. ಆಕೆ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ, ನಿನ್ನ ಸಿಟ್ಟು ನನ್ನ ಮೇಲೆ ತಿರುಗಬಾರದು ಎಂದು. ನಾನು ನಿಮ್ಮ ಹೊಸ್ತಿಲಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಇಷ್ಟು ವರ್ಷ ನೀನು ತಾಯಿಯ ಮೇಲೆ ಇಟ್ಟುಕೊಂಡ ಸಿಟ್ಟು ನನಗೆ ಸೇರಬೇಕಾದದ್ದು. ಇವತ್ತು ಒಪ್ಪಿಸಿಕೊಳ್ಳುತ್ತೇನೆ.

ಮುಂದಿನ ವರ್ಷ ಬೇಲಿ ಬಂತು, ಬಾಗಿಲು ಬರಲಿಲ್ಲ. ಬೇಸಿಗೆಯಿಂದ ದೀಪಾವಳಿ ತನಕ ಓಣಿಯಲ್ಲಿ ಮಗ್ಗ ಒಂದೊಂದಾಗಿ ನಿಂತವು. ನೀವು ಹೊರಡುವ ವಾರದ ಮುಂಚೆ ನಾನು ರೋಣಕ್ಕೆ ಹೋಗಿದ್ದೆ. ಅಲ್ಲಿಯ ಹೆಡ್‌ಕ್ಲಾರ್ಕು ಕಡತ ತೆರೆದು ತೋರಿಸಿದ: ‘ತಕರಾರು ಇಲ್ಲ. ಜನರು ಸಂತೋಷದಿಂದ ಇದ್ದಾರೆ.’ ‘ಮಾಸ್ತರ್ರ, ಸುಮ್ನ ಚಪ್ಪಲಿ ಸವಸಬ್ಯಾಡ್ರಿ. ಇದು ಮುಗದ್ಹೋದ ಕಥಿ’ ಎಂದ. ಅದನ್ನು ಕೇಳಿಕೊಂಡೇ ಊರಿಗೆ ಬಂದೆ.

ಹೊರಡುವ ದಿನ ನಿಮ್ಮೆಲ್ಲರನ್ನೂ ನಮ್ಮ ಮನೆಗೆ ಊಟಕ್ಕೆ ಕರೆದೆ, ನೆನಪಿದೆಯಲ್ಲ? ನಮ್ಮ ಮನೆಯಾಕೆ ಶಾರದಾಬಾಯಿ ಸಜ್ಜಕ ಮಾಡಿದ್ದಳು. ನೀನು ಉಂಡು ಕೈ ಒರೆಸಿಕೊಳ್ಳುತ್ತ, ‘ಖರೇ ಹೇಳ ಪ್ರಾಣ್ಯಾ, ಜಾಗಾ ಸಿಗತೈತಿ?’ ಎಂದೆ. ಮಾನವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಎಲ್ಲ ಗೊತ್ತಿತ್ತು. ಆದರೆ ನೀವು ನನ್ನ ಮನೆಯಲ್ಲಿ ಉಂಡಿದ್ದಿರಿ. ನನ್ನ ನಾಲಿಗೆ ಏಳಲಿಲ್ಲ. ‘ಸಿಗತದ, ಯಾಕ ಸಿಗೂದಿಲ್ಲ? ಸಿಕ್ಕ ದಿವಸ ಕಾರ್ಡ ಹಾಕ್ತೀನಿ’ ಎಂದೆ. ಮಾನವ್ವನನ್ನು ನೋಡಿ ನಕ್ಕಿದ್ದೆನಲ್ಲ, ಹಳೇ ಕಾಲದ ಮಾತು ಎಂದು!

ಆಮೇಲೆ ನಾಚಿಕೆಗೆ ಅರ್ಜಿ ಬರೆಯುತ್ತ ಹೋದೆ. ಐವತ್ತಾರರಲ್ಲಿ ನಾಡು ಒಂದಾಯಿತು, ನಾವು ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದೆವು. ಸಾಲಿಯಲ್ಲಿ ಪೇಢೆ ಹಂಚಿದೆ. ಇನ್ನು ನಮ್ಮ ಮಾತಿನಲ್ಲೇ ಕೇಳುತ್ತಾರೆ, ನಮ್ಮವರೇ ಓದುತ್ತಾರೆ ಎಂದು ಖರೆಯಾಗಿಯೂ ನಂಬಿದೆ. ಬೆಂಗಳೂರಿಗೆ ಏಳು ಅರ್ಜಿ ಬರೆದೆ. ಹೋದ ತಿಂಗಳು, ನಿನ್ನ ಕಾರ್ಡಿನ ಹಿಂದೆಯೇ, ಉತ್ತರ ಬಂತು. ಸದರಿ ವಿಚಾರಣೆಯ ದಿನ ಯಾರೂ ತಕರಾರು ಸಲ್ಲಿಸಿಲ್ಲವಾದ್ದರಿಂದ ಈ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ಅಚ್ಚ ಕನ್ನಡದಲ್ಲೇ ಇದೆ. ಒಂದು ತಪ್ಪೂ ಇಲ್ಲ.

ವಿಮಾನ ಬಂದದ್ದು ಒಂದೇ ಸಲ, ನೀವು ಹೋದ ಮೇಲೆ. ಸುತ್ತಲಿನ ಊರೆಲ್ಲ ಚಕ್ಕಡಿ ಕಟ್ಟಿಕೊಂಡು ಬಂದಿತ್ತು. ಬಾಜಾ ಬಜಂತ್ರಿ, ಶಿವನಪ್ಪನ ಕೊರಳಲ್ಲಿ ಅವನೇ ತರಿಸಿದ ಹಾರ. ಅರ್ಧ ತಾಸು ನಿಂತು, ಧೂಳೆಬ್ಬಿಸಿ ಹಾರಿತು, ತಿರುಗಿ ಬರಲಿಲ್ಲ. ಕೋಣೆಗೆ ಬೀಗ ಬಿದ್ದಿದೆ. ಗಾಳಿ ನೋಡುವ ಬಟ್ಟೆಯ ಚೀಲ ಕಂಬದ ಮೇಲೆ ಹರಿದು ಚಿಂದಿಯಾಗಿದೆ. ಡಾಂಬರಿನ ಬಿರುಕಿನಲ್ಲಿ ಹುಲ್ಲು ಬೆಳೆದಿದೆ. ಬೇಲಿ ಮಾತ್ರ ಭದ್ರವಾಗಿದೆ, ಅದಕ್ಕೊಬ್ಬ ಕಾವಲುಗಾರನೂ ಇದ್ದಾನೆ. ನಲವತ್ತರಲ್ಲಿ ಈಗ ಆರು ಮಗ್ಗ ಆಡುತ್ತಿವೆ, ಅವೂ ಯುಗಾದಿ ಕಾಣುವುದು ಕಷ್ಟ. ಯಾರಿಗೂ ಬೇಡವಾದ ಬಯಲನ್ನು ಬೇಕಾದವರಿಗೆ ಕೊಡಲು ಆಗುವುದಿಲ್ಲವಂತೆ.

ಯಮನೂರಿ, ಇವತ್ತು ನೀನು ನನ್ನ ಮನೆಯಲ್ಲಿ ಉಂಡಿಲ್ಲ. ನಾನೂ ಬೆಳಗಿನಿಂದ ಏನೂ ತಿಂದಿಲ್ಲ, ಈ ಪತ್ರ ಮುಗಿಯುವ ತನಕ ತಿನ್ನುವುದಿಲ್ಲ ಎಂದು ಕೂತಿದ್ದೇನೆ. ಅದಕ್ಕೇ ಹೇಳಲಿಕ್ಕೆ ಬರುತ್ತಿದೆ. ಜಾಗ ಇಲ್ಲ. ಇನ್ನು ಮುಂದೆಯೂ ಸಿಗುವುದಿಲ್ಲ. ಬರಬೇಡ. ಗಿರಣಿಯವರ ಕೈಕಾಲು ಹಿಡಿದು ಖಾಯಂ ಮಾಡಿಸಿಕೋ. ಮಗಳ ಹೆಸರು ನಾಳೆಯೇ ಸಾಲಿಗೆ ಹಚ್ಚು. ಮಗ್ಗ ಏನು ಮಾಡಲಿ, ಬರೆ. ಗೂಟಗಳನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ನೀನು ಹೇಳಿದರೂ ಕೊಡುವುದಿಲ್ಲ. ನನ್ನ ಮೇಲೆ ಸಿಟ್ಟಾಗು, ಮಾತು ಬಿಡು, ನಡೆಯುತ್ತದೆ. ಮಾನವ್ವನ ಕೂಡ ಮಾತ್ರ ಮೊದಲಿನ ಹಾಗೆ ಇರು.

ನಿಮ್ಮ ಮನೆತನ ಆ ಪರವೂರಲ್ಲೇ ಬೇರು ಬಿಡಲಿ, ನಿನ್ನ ಮಗಳು ನಾಲ್ಕು ಅಕ್ಷರ ಕಲಿತು ತನ್ನ ತಕರಾರು ತಾನೇ ಬರೆಯುವ ಹಾಗಾಗಲಿ ಎಂದು ಇಲ್ಲಿಂದಲೇ ಹರಸುತ್ತೇನೆ. ನನಗೆ ಹರಸುವ ಹಕ್ಕು ಉಳಿದಿದ್ದರೆ.

ಇನ್ನೊಂದು. ಇದನ್ನು ಅವ್ವನಿಗೆ ಓದಿ ಹೇಳು, ಒಂದಕ್ಷರ ಬಿಡಬೇಡ. ಆದರೆ ಆಕೆ ಉಣ್ಣಲು ಕೂಡುವ ಮೊದಲೇ ಓದು. ಮೊದಲು ಮಾತು, ಆಮೇಲೆ ಊಟ.

ನಿನ್ನ ಅಪರಾಧಿ,
ಪ್ರಾಣ್ಯಾ