ನೀರಿನ ಕೂಲರಿನ ಮೇಲೊಂದು ಕಪ್ಪು ಟೇಪು

ಮಾನ್ಯ ಮನೆತನ ಪರಿಶೀಲನಾಧಿಕಾರಿಗಳೇ,

ತೀರಿಹೋದ ನನ್ನ ಗಂಡನ ಹೆಸರಿನ ಮೇಲೆ ನೀವು ಅಂಟಿಸಿದ ಟೇಪನ್ನು ನೀವೇ ಬಂದು ಕಿತ್ತು ಹೋಗಿ. ವಿಷಯ ಇಷ್ಟೇ. ಉಳಿದದ್ದನ್ನು ಸಂಘದ ಸದಸ್ಯರೆಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ಸೌದಿಯ ಈ ಹಾಯಿಲ್‌ನ ನಮ್ಮ ಕರಾವಳಿ ಸಂಘದ ಗೋಡೆಗೆ ತಾಗಿ ನಾನೊಂದು ನೀರಿನ ಕೂಲರ್ ಇರಿಸಿದ್ದೆ. ಸತ್ತವರ ಹೆಸರಿನಲ್ಲಿ ದಾರಿಹೋಕರಿಗೆ ತಣ್ಣೀರು ಕೊಡುವುದು ಇಲ್ಲಿನ ವಾಡಿಕೆ. ಕುಡಿದವರು ಒಂದು ಪ್ರಾರ್ಥನೆ ಹೇಳಿ ಹೋಗುತ್ತಾರೆ. 'ಉಮ್ಮರಬ್ಬ ಮಾಳಿಗೆ ಅವರಿಗಾಗಿ ಪ್ರಾರ್ಥಿಸಿ' ಎಂದು ಅದರ ಮೇಲೆ ಬರೆಸಿದ್ದೆ. ಕಳೆದ ಶುಕ್ರವಾರ ನೀವು 'ಮಾಳಿಗೆ'ಯ ಮೇಲೆ ಕರೆಂಟಿನ ಕಪ್ಪು ಟೇಪು ಅಂಟಿಸಿ, ಫೋಟೋ ತೆಗೆದು, ಸಂಘದ ವಾಟ್ಸಾಪ್ ಗುಂಪಿಗೆ 'ಸರಿಪಡಿಸಲಾಗಿದೆ' ಎಂದು ಹಾಕಿದಿರಿ. ಕಾರಣ ಕೇಳಿದರೆ, ಮಾಳಿಗೆ ಎನ್ನುವುದು ಊರಿನ ಹಳೆಯ ಹಡಗು ವ್ಯಾಪಾರಿಗಳ ಮನೆತನ, ನಿಮ್ಮ ಗಂಡನಿಗೆ ಆ ಹೆಸರಿನ ಹಕ್ಕಿಲ್ಲ ಎಂದಿರಿ.

ನೂರಕ್ಕೆ ನೂರು ಸತ್ಯ! ನಮ್ಮ ಕಡೆ ಹಡಗು ಬಿಡಿ, ಸ್ವಂತದ ದೋಣಿಯೂ ಇರಲಿಲ್ಲ. ನನ್ನ ಗಂಡ ಗಲ್ಫಿಗೆ ಹೊರಟಾಗ ಏಜೆಂಟನು ಮನೆತನದ ಹೆಸರು ಕೇಳಿದನಂತೆ. ಇಲ್ಲ ಎಂದರೆ, "ಖಾಲಿ ಬಿಡ್ಲಿಕ್ಕಾಗುದಿಲ್ಲ ಮಾರಾಯ, ಎಂತಾದ್ರೂ ಹೇಳು" ಎಂದನಂತೆ. ಇವರ ಕಾಗದಗಳು ಬರುತ್ತಿದ್ದದ್ದು ಪಕ್ಕದ ಮಾಳಿಗೆ ಮನೆಯ ವಿಳಾಸಕ್ಕೆ. ಅದನ್ನೇ ಹೇಳಿದರು. ಹಾಗೆ ವಿಮಾನ ಹತ್ತುವ ಮೊದಲೇ ಇವರು ಕುಲೀನರಾದರು. ಇಲ್ಲಿನ ವಾಸದ ಪರವಾನಗಿಯಾದ ಇಕಾಮಾದಲ್ಲಿಯೂ ಅದೇ ಹೆಸರು ಬಂತು. ಹೊಲಗಳ ಪಂಪು ರಿಪೇರಿಗೆ ಹೋದಲ್ಲೆಲ್ಲ "ಯಾ ಮಾಳಿಗೆ, ಯಲ್ಲಾ, ನೀರು ಬರ್ತಿಲ್ಲ!" ಎಂದೇ ಕರೆದರು. ನಾವೆಷ್ಟು ಮಂದಿ ಇಂಥ ಹೆಸರು ಹೊತ್ತು ಇಲ್ಲಿಗೆ ಬಂದಿಲ್ಲ? ಎಲ್ಲರಿಗೂ ಅಂಟಿಸುವಷ್ಟು ಟೇಪು ನಿಮ್ಮಲ್ಲಿದೆಯೇ?

ನನ್ನ ಮಗಳು ಅಸೀಲಾ ಎಲ್ಲೋ ಓದಿದ್ದಳು. ಹಿಂದೆ ಇಂಗ್ಲೆಂಡಿನಲ್ಲಿ ರಾಜನ ಅಧಿಕಾರಿಗಳು ಕುದುರೆ ಹತ್ತಿ ಊರೂರು ತಿರುಗಿ, ತಾವು ಕುಲೀನರೆಂದು ಸುಳ್ಳು ಹೇಳಿಕೊಂಡವರನ್ನು ಹುಡುಕುತ್ತಿದ್ದರಂತೆ. ಅವರ ಮನೆಯ ಲಾಂಛನ ಅಳಿಸುವುದು, ಸಂತೆಯಲ್ಲಿ ಹೆಸರು ಕೂಗಿಸುವುದು, ಕೆಲವು ಸಲ ಗೋರಿಯ ಮೇಲಿನದನ್ನೂ ಕೆಡಿಸುವುದು. "ಉಮ್ಮಾ, ನಮ್ಮವರಿಗೆ ಕುದುರೆ ಇಲ್ಲ, ಕಂಪನಿಯ ಪಿಕಪ್ ಉಂಟು, ಅಷ್ಟೇ ವ್ಯತ್ಯಾಸ" ಎಂದಳು. ಅಷ್ಟು ದೊಡ್ಡ ರಾಜ್ಯದ ಕೆಲಸವನ್ನು ನೀವು ಒಂದು ಸುರುಳಿ ಟೇಪಿನಲ್ಲಿ ಮುಗಿಸಿದ್ದೀರಿ. ಮೆಚ್ಚಲೇಬೇಕು.

ಆದರೆ ಸ್ವಾಮಿ, ಮಾಳಿಗೆ ಮುಚ್ಚಿದ ಮೇಲೆ ಉಳಿದದ್ದೇನು? 'ಉಮ್ಮರಬ್ಬ ಅವರಿಗಾಗಿ ಪ್ರಾರ್ಥಿಸಿ.' ನನ್ನ ಗಂಡನನ್ನು ಇಲ್ಲಿ ಯಾರೂ ಉಮ್ಮರಬ್ಬ ಎಂದು ಕರೆದವರಿಲ್ಲ. ಹಾಯಿಲ್‌ನಲ್ಲಿ ಉಮ್ಮರಬ್ಬ ಎಂದರೆ ಲಾಂಡ್ರಿಯ ಉಮ್ಮರಬ್ಬ. ಶನಿವಾರ ಆ ಮನುಷ್ಯ ನಮ್ಮ ಬಾಗಿಲಿಗೆ ಬಂದ, ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದೇ.

"ಎಂತ ಆಮಿನತ್, ನನ್ನನ್ನು ಕೊಂದದ್ದು ಯಾರು ಮಾರಾಯ್ತಿ? ಬೆಳಿಗ್ಗೆಯಿಂದ ಗಿರಾಕಿಗಳು ಬಟ್ಟೆ ವಾಪಸ್ ಕೇಳ್ತಿದ್ದಾರೆ. ಇಸ್ತ್ರಿ ಆಗದ್ದನ್ನೂ!"

"ಊರಿಗೆ ಸುದ್ದಿ ಹೋಯ್ತಾ?" ಎಂದೆ.

"ಹೋಗದೆ? ಹೆಂಡತಿ ಫೋನು. ನಾನು ಹಲೋ ಹೇಳಿದ್ರೆ, ಅಳ್ತಾ ಅಳ್ತಾ ನನ್ನತ್ರವೇ ಕೇಳ್ತಾಳೆ, ಅವ್ರು ಕೊನೆಗೆ ಏನಾದ್ರೂ ಹೇಳಿದ್ರಾ ಅಂತ!"

ಅಸೀಲಾ ನೆಲದ ಮೇಲೆ ಕುಳಿತುಬಿಟ್ಟಳು. ನಾನು ಬಾಗಿಲು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕೊನೆಗೆ ಉಮ್ಮರಬ್ಬನೂ ನಕ್ಕ. ನನ್ನ ಗಂಡ ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು ಅದು. ದಿನಚರಿಯಲ್ಲಿ ತಿಂಗಳುಗಟ್ಟಲೆ ದಿನಕ್ಕೊಂದೇ ಸಾಲು ಬರೆಯುತ್ತಿದ್ದವಳು ಅಂದು ಪುಟ ತುಂಬಾ ಬರೆದೆ. ಅದಕ್ಕಾಗಿ ನಿಮಗೆ ನಾನು ಋಣಿ, ವ್ಯಂಗ್ಯವಲ್ಲ.

ಆದರೆ ಪುಟ ಮುಚ್ಚುವಾಗ ಹೊಳೆಯಿತು. ನನ್ನ ಗಂಡನಿಗೆಂದು ಇಟ್ಟ ನೀರು ಕುಡಿದವರೆಲ್ಲ ಈಗ ಬೇರೊಬ್ಬನಿಗೆ, ಅದೂ ಜೀವಂತ ಇರುವವನಿಗೆ, ಸ್ವರ್ಗ ಕೇಳುತ್ತಿದ್ದಾರೆ. ದೇವರಿಗೆ ಗೊಂದಲವಿಲ್ಲ, ಬಲ್ಲೆ. ಆದರೆ ಇವರನ್ನು ಬಲ್ಲ ಒಬ್ಬ ಪಂಪಿನವನೋ, ಹೊಲದವನೋ ಆ ಕೂಲರಿನ ಎದುರು ನಿಂತು, "ಅಯ್ಯೋ, ನಮ್ಮ ಮಾಳಿಗೆ!" ಎನ್ನುವುದು ನನಗೆ ಬೇಕಿತ್ತು. ನಾನು ಕೇಳಿದ್ದು ಹಡಗಿನ ಪಾಲನ್ನಲ್ಲ.

ಆದ್ದರಿಂದ ಮುಂದಿನ ಶುಕ್ರವಾರದೊಳಗೆ ಬನ್ನಿ. ಬಿಸಿಲಿಗೆ ಟೇಪಿನ ತುದಿ ಆಗಲೇ ಎದ್ದಿದೆ, ಕಷ್ಟವಾಗದು. ಕಿತ್ತ ಮೇಲೆ ಒಂದು ಲೋಟ ನೀರು ಕುಡಿಯಿರಿ. ಸತ್ತವರಿಗೆ ಅವರ ಪ್ರಾರ್ಥನೆ, ಬದುಕಿದವನಿಗೆ ಅವನ ಗಿರಾಕಿಗಳು ಮರಳಿ ಸಿಗಲಿ. ಯಾರ ಹೆಸರು ಹೇಳಿ ಪ್ರಾರ್ಥಿಸಬೇಕೆಂದು ಆಗ ನಿಮಗೂ ತಿಳಿದಿರುತ್ತದೆ.

ಇಂತಿ,
ಯಾವ ಮನೆತನಕ್ಕೂ ಸೇರದ, ಆದರೂ ಮಾಳಿಗೆಯವರ ಹೆಂಡತಿಯೇ ಆದ
ಆಮಿನತ್
ಹಾಯಿಲ್