ಮೊದಲೇ ಬರೆದಿಟ್ಟ ಉಸಿರು

ಮಕ್ಕಳ ಉಸಿರು ತಪಾಸಣೆ ಯೋಜನೆಯ ಉಸ್ತುವಾರಿ ಅಧಿಕಾರಿಗಳೇ,

ಇನ್ನೂ ಬಾರದ ಮೂವತ್ತನೇ ತಾರೀಖಿನಂದು ನನ್ನ ಮಗಳು ಎಷ್ಟು ಜೋರಾಗಿ ಉಸಿರು ಊದುತ್ತಾಳೆಂದು ನಿಮ್ಮ ರಿಜಿಸ್ಟರಿಗೆ ಈಗಲೇ ಗೊತ್ತಿದೆ. ಇನ್ನೂರ ನಲವತ್ತು. ಹೆತ್ತವಳು ನಾನು, ನನಗೆ ಗೊತ್ತಿಲ್ಲ.

ಅಕ್ಷತಾಳಿಗೆ ಒಂಬತ್ತು ವರ್ಷ, ಆಸ್ತಮಾ ಇದೆ. ಮಾಲೇಕಲ್ಲು ಬೆಟ್ಟದ ಬುಡದ ನಮ್ಮೂರಿನಲ್ಲಿ ಮನೆಮನೆಯಲ್ಲೂ ಕೊಬ್ಬರಿ ಸುಲಿದ ಧೂಳು. ನಮ್ಮ ಮನೆಯದೂ ಸೇರಿದೆ, ಮುಚ್ಚಿಡುವುದಿಲ್ಲ. ನೀವು ಶಾಲೆಗೆ ಊದುವ ಮೀಟರುಗಳನ್ನು ಕಳಿಸಿದಾಗ ಕೈಮುಗಿದವಳು ನಾನೇ. ಗೇಣುದ್ದದ ಕೊಳವೆ, ಮಗು ಬಲವಾಗಿ ಊದಿದರೆ ಮುಳ್ಳು ಒಂದು ಸಂಖ್ಯೆಯಲ್ಲಿ ನಿಲ್ಲುತ್ತದೆ. ಸಂಖ್ಯೆ ದಿನದಿನಕ್ಕೆ ಇಳಿದರೆ ಶ್ವಾಸನಾಳ ಬಿಗಿಯುತ್ತಿದೆ ಎಂದರ್ಥ. ಉಬ್ಬಸ ಏರುವ ಮೊದಲೇ ಔಷಧಿ ಹೆಚ್ಚಿಸಬಹುದು.

ಆದರೆ ನಿಮ್ಮ ಘನ ಆದೇಶವೊಂದಿದೆಯಲ್ಲ! ಇಪ್ಪತ್ತೈದಕ್ಕೆ ವರದಿ ತಲುಪಬೇಕು, ರಿಜಿಸ್ಟರಿನಲ್ಲಿ ಮೂವತ್ತೂ ದಿನದ ಮನೆಗಳು ತುಂಬಿರಬೇಕು, ಪರಿಶೀಲನೆಗೆಂದು ಮೀಟರುಗಳೂ ಜೊತೆಯಲ್ಲೇ ಬರಬೇಕು. ಒಂದನೇ ತಾರೀಖಿಗೆ ವಾಪಸ್. ನಡುವಿನ ಆರು ದಿನ ಮಕ್ಕಳು ಏನನ್ನು ಊದಬೇಕು ಸ್ವಾಮಿ, ಪೀಪಿಯನ್ನೇ?

ಹೋದ ತಿಂಗಳು ಇಪ್ಪತ್ತೇಳರ ಬೆಳಿಗ್ಗೆ, ಜಡೆ ಹಾಕಿಸಿಕೊಳ್ಳುತ್ತಾ ಹರಟುತ್ತಿದ್ದ ಅಕ್ಷತಾ ಮಾತು ನಿಲ್ಲಿಸಿದಳು. ತಿರುಗಿಸಿ ನೋಡಿದರೆ ತುಟಿ ನೀಲಿಗಟ್ಟಿತ್ತು. ಹಾಸನದ ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟರು. ವಾಪಸ್ ಬಂದವಳೇ ಶಾಲೆಯ ರಿಜಿಸ್ಟರ್ ತೆಗೆಸಿ ನೋಡಿದೆ. ಇಪ್ಪತ್ತೇಳು: ಇನ್ನೂರ ನಲವತ್ತು. ಇಪ್ಪತ್ತೆಂಟು: ಇನ್ನೂರ ನಲವತ್ತು.

ಆರೋಗ್ಯ ಕಾರ್ಯಕರ್ತೆ ಮೀನಾಕ್ಷಿ ಅತ್ತುಬಿಟ್ಟಳು. "ಖಾಲಿ ಬಿಟ್ರೆ ವಾಪಸ್ ಕಳಿಸ್ತಾರೆ ಕಣಕ್ಕಾ. ಎಲ್ಲಾ ಮಕ್ಳುದೂ ಹಂಗೇ ಬರ್ದಿಟ್ಟೀನಿ. ಆರ್ಡರ್ರೇ ಹಂಗೈತೆ, ನಾನೇನ್ ಮಾಡ್ಲಿ?" ಅವಳ ಮೇಲೆ ಕ್ರಮ ಕೈಗೊಂಡು ಕೈತೊಳೆದುಕೊಳ್ಳಬೇಡಿ. ಬರೆದವಳು ಅವಳು, ಬರೆಸಿದವರು ನೀವು.

ಇಂದು ಇಪ್ಪತ್ನಾಲ್ಕು. ಮೊನ್ನೆ ಅಕ್ಷತಾ ಊದಿದ್ದು ಇನ್ನೂರ ಹತ್ತು, ನಿನ್ನೆ ನೂರ ತೊಂಬತ್ತೈದು, ಇಂದು ನೂರ ಎಂಬತ್ತು. ಔಷಧಿ ಹೆಚ್ಚಿಸಿರುವ ವೈದ್ಯರು ದಿನಾ ಊದಿಸಿ ತಿಳಿಸಿ ಎಂದಿದ್ದಾರೆ. ಮೀಟರ್ ತರಿಸಲು ವಾರ ಬೇಕೆನ್ನುತ್ತಾರೆ ಅರಸೀಕೆರೆಯ ಅಂಗಡಿಯವರು. ನಿಮ್ಮ ಜೀಪು ನಾಳೆ ಶಾಲೆ ತೆರೆಯುವ ಮೊದಲೇ ಬರುತ್ತದೆ. ನಾಳೆಯಿಂದ ನನ್ನ ಮಗಳು ರಿಜಿಸ್ಟರಿನಲ್ಲಿ ಇದ್ದಕ್ಕಿದ್ದಂತೆ ಗುಣವಾಗುತ್ತಾಳೆ. "ಅಮ್ಮ, ನಾಳೆ ಹೆಂಗೆ ಗೊತ್ತಾಗ್ತದೆ?" ಎಂದು ಅವಳು ಕೇಳುತ್ತಿದ್ದಾಳೆ. ನನಗೆ ಭಯವಾಗುತ್ತಿದೆ.

ಜೀಪು ಖಾಲಿ ಹೋಗಲಿ. ಮೀಟರುಗಳು ಮಕ್ಕಳ ಬಳಿಯೇ ಇರಲಿ. ಊದದ ದಿನದ ಮನೆಯನ್ನು ಖಾಲಿ ಬಿಡಿ. ಕಂಡವರು ಯಾರಾದರೂ ಏಕೆಂದು ಕೇಳಿಯಾರು. ಈ ಪತ್ರವನ್ನು ಶಾಲೆಯ ಗೇಟಿಗೂ ಅಂಟಿಸಿದ್ದೇನೆ. ಅದನ್ನು ದಾಟಿ ಜೀಪು ಒಳಗೆ ಬಂದರೆ, ಮನೆಯಲ್ಲಿ ಏನೇ ಆಗಲಿ, ಮೂವತ್ತಕ್ಕೆ ನಿಮ್ಮಲ್ಲಿ ನನ್ನ ಮಗಳು ಇನ್ನೂರ ನಲವತ್ತು ಊದಿರುತ್ತಾಳೆ.

ಇಂತಿ,
ಮೂವತ್ತನೇ ತಾರೀಖನ್ನು ನಿಮ್ಮಷ್ಟು ಮೊದಲೇ ಅರಿಯದ ತಾಯಿ,
ಪುಷ್ಪಲತಾ